ಯೂಟ್ಯೂಬ್ ಮಾಸ್ತರ

ಹೋದ ತಿಂಗಳು ನಮ್ಮ ಆಫೀಸಿನಲ್ಲಿ ಎಲ್ಲರ ಮೇಲ್‌ಗೂ ಒಂದು ಗೂಗಲ್ ಫಾರ್ಮ್ ಬಂತು. ವಾರ್ಷಿಕ ಸಮಾರಂಭಕ್ಕೆ ನಮ್ಮವರೇ ಸೇರಿ ಒಂದು ಬ್ಯಾಂಡ್ ಕಟ್ಟುತ್ತಾರಂತೆ. ಆಸಕ್ತಿ ಇರುವವರು ಹೆಸರು ಕೊಡಿ, ಆಮೇಲೆ ಒಂದು ಸಣ್ಣ ಆಡಿಷನ್ ಇರುತ್ತೆ ಅಂತ. ಅದರಲ್ಲಿ ಮೂರೇ ಪ್ರಶ್ನೆ. ಯಾವ ವಾದ್ಯ? ಎಷ್ಟು ವರ್ಷದ ಅನುಭವ? ಯಾರ ಹತ್ತಿರ ಕಲಿತಿರಿ?

ಮೊದಲನೆಯದಕ್ಕೆ 'ಟ್ರಂಪೆಟ್' ಅಂತ ಟೈಪ್ ಮಾಡಿದೆ. ಎರಡನೆಯದಕ್ಕೆ 'ಮುಂಚೆ ಊದುತ್ತಿದ್ದೆ, ಈಗ ಬಿಟ್ಟಿದ್ದೇನೆ' ಅಂತ ಬರೆದೆ. ಮೂರನೆಯದಕ್ಕೆ ಬಂದಾಗ ಕೈ ನಿಂತುಬಿಟ್ಟಿತು. ಯಾಕಂದ್ರೆ ಇದೇ ಪ್ರಶ್ನೆಗೆ 2014ರಲ್ಲಿ, ಇನ್ನೊಂದು ಫಾರ್ಮ್‌ನಲ್ಲಿ, ನಾನು ಒಂದು ಸುಳ್ಳು ಬರೆದಿದ್ದೆ.

ನನ್ನೂರು ಆಳಂದ. ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ತಾಸಿಗಿಂತ ಸ್ವಲ್ಪ ಹೆಚ್ಚು. ಇನ್ನೊಂದಿಷ್ಟು ಮುಂದೆ ಹೋದರೆ ಮಹಾರಾಷ್ಟ್ರದ ಗಡಿ. ಲಾಡ್ಲೆ ಮಶಾಯಿಕ್ ದರ್ಗಾದ ಉರುಸಿಗೆ ಸುತ್ತಲಿನ ಜನವೆಲ್ಲ ಸೇರುವ ಊರು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕಿವಿಗೆ ಬೀಳುತ್ತವೆ. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಊರಿನ ಒಂದು ಬ್ಯಾಂಡ್ ಪಾರ್ಟಿಯಲ್ಲಿ ಟ್ರಂಪೆಟ್ ಊದುತ್ತಿದ್ದ. ಲಗ್ನ ಯಾರ ಮನೆಯದು ಅನ್ನೋದರ ಮೇಲೆ ಹಾಡು. ಒಂದು ಮನೆಯ ಮುಂದೆ ಭಜನೆಯ ಧಾಟಿ, ಇನ್ನೊಂದು ಮನೆಯ ಮುಂದೆ ಮರಾಠಿ ಹಾಡು. ಎಲ್ಲರ ಮನೆಯ ಮುಂದೂ ತಪ್ಪದೆ ಬರುತ್ತಿದ್ದುದು ರಫಿ ಹಾಡಿದ, ಗೆಳೆಯನ ಮದುವೆಯ ಆ ಹಳೇ ಹಿಂದಿ ಹಾಡು.

ಕೆಂಪು ಕೋಟು, ಭುಜದ ಮೇಲೆ ಬಂಗಾರದ ಬಣ್ಣದ ಜಾಲರಿ. ಸಣ್ಣವನಿದ್ದಾಗ ನನಗೆ ಅವನೇ ಹೀರೊ. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಕಾಕಾನ ಬೆನ್ನು ಬಿದ್ದು ಊದೋದು ಕಲಿತೆ. ಪಿಯುಸಿಗೆ ಬಂದ ಮೇಲೆ ಬಿಟ್ಟೆ. ಯಾಕಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಕ್ಲಾಸಿನಲ್ಲಿ ಒಬ್ಬ ನನ್ನನ್ನು 'ಬಾಜಾದವರ ಹುಡುಗ' ಅಂದಿದ್ದ. ಅಷ್ಟೇ ಸಾಕಾಗಿತ್ತು.

2014ರ ಫೆಬ್ರುವರಿಯಲ್ಲಿ ನಾನು ಇಂಜಿನಿಯರಿಂಗ್ ಮೊದಲ ವರ್ಷದ ಎರಡನೇ ಸೆಮಿಸ್ಟರ್‌ನಲ್ಲಿದ್ದೆ. ಕಲಬುರಗಿ ಆಗಿನ್ನೂ ಸರ್ಕಾರಿ ದಾಖಲೆಗಳಲ್ಲಿ ಗುಲ್ಬರ್ಗಾ. ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ಒಂದು ಚೀಟಿ ಹಚ್ಚಿದ್ದರು: ಕಾಲೇಜಿನ ಮ್ಯೂಸಿಕ್ ಟೀಮಿಗೆ ಆಡಿಷನ್, ಆಯ್ಕೆಯಾದವರಿಗೆ ಆ್ಯನುಯಲ್ ಡೇನಲ್ಲಿ, ಮುಂದೆ ಯೂತ್ ಫೆಸ್ಟ್‌ನಲ್ಲಿ ಅವಕಾಶ. ಗಿಟಾರ್ ಇದ್ದವರು ಎಂಟು ಜನ, ಕೀಬೋರ್ಡ್ ಇದ್ದವರು ಐದು ಜನ. ಬ್ರಾಸ್ ಅಂತ ಒಬ್ಬನೂ ಇರಲಿಲ್ಲ. 'ಯಾರೂ ಇಲ್ಲ ಅಂದ್ರೆ ನನ್ನನ್ನು ತೆಗೆದುಕೊಳ್ಳಲೇಬೇಕು' ಅಂತ ನನ್ನ ಲೆಕ್ಕ. ಕಲೆಯ ಪ್ರೀತಿ ಗೀತಿ ಏನೂ ಇರಲಿಲ್ಲ, ಪ್ರಾಮಾಣಿಕವಾಗಿ ಹೇಳ್ತೀನಿ.

ಆ ಶನಿವಾರವೇ ಊರಿಗೆ ಹೋಗಿ ಕಾಕಾನನ್ನು ಕೇಳಿದೆ. ಅವನು ಎರಡನೇ ಮಾತಾಡದೆ ಪೆಟ್ಟಿಗೆ ತಂದು ನನ್ನ ಮುಂದಿಟ್ಟ. ಸೊಲ್ಲಾಪುರದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಮೀರತ್ ಟ್ರಂಪೆಟ್ ಅದು. ಮೀರತ್‌ನ ಜಲಿ ಕೋಠಿ ಅಂದರೆ ಬ್ಯಾಂಡ್ ವಾದ್ಯ ಮಾಡುವವರ ಓಣಿ. ನಮ್ಮ ದೇಶದ ಲಗ್ನದ ಬ್ಯಾಂಡ್‌ಗಳ ಹಿತ್ತಾಳೆಯಲ್ಲಿ ಬಹಳಷ್ಟು ಅಲ್ಲಿಂದಲೇ ಬಂದದ್ದು.

"ಒಂದೂವರಿ ತಿಂಗಳು ಇಟ್ಕೋ. ಸೀಜನ್ ಇನ್ನಾ ಸುರು ಆಗಿಲ್ಲ, ಸುಮ್ನ ಬಿದ್ದದ" ಅಂದ.

ಕಲಿಸೋಕೆ ಶುರುಮಾಡಿದ ಮೊದಲ ದಿನ ಟ್ರಂಪೆಟ್ ಮುಟ್ಟಲೇ ಬಿಡಲಿಲ್ಲ. ಬಾಯಿಗೆ ಇಡುವ ಸಣ್ಣ ಬಟ್ಟಲಿನಂಥ ಮೌತ್‌ಪೀಸ್ ಮಾತ್ರ ಕೊಟ್ಟ. ತುಟಿ ಮುಚ್ಚಿ, ಮೂಲೆ ಬಿಗಿ ಮಾಡಿ, ನಡುವಿನಿಂದ ಗಾಳಿ ಬಿಟ್ಟು ಜೇನುನೊಣದ ಥರ ಗುಂಯ್‌ಗುಡಿಸಬೇಕು. ತುಟಿ ಕಂಪಿಸದೆ ಬರೀ ಗಾಳಿ ಊದಿದರೆ ಟ್ರಂಪೆಟ್ಟಿನಿಂದ ಬರೋದು ಸುಸ್ ಅನ್ನೋ ಸಪ್ಪಳ ಅಷ್ಟೇ. ಇಷ್ಟು ವರ್ಷ ಬಿಟ್ಟಿದ್ದಕ್ಕೆ ಹತ್ತು ನಿಮಿಷಕ್ಕೇ ನನ್ನ ತುಟಿ ಜೋಮು ಹಿಡಿಯಿತು.

"ಬಟ್ಟಿನಾಗ ಸ್ವರ ಇಲ್ಲ ತಮ್ಮಾ, ತುಟಿಯಾಗ ಅದ" ಅಂತಿದ್ದ ಕಾಕಾ. ಇದು ಅಲಂಕಾರದ ಮಾತಲ್ಲ, ವಾದ್ಯ ಇರೋದೇ ಹಾಗೆ. ಟ್ರಂಪೆಟ್‌ಗೆ ಮೂರೇ ಗುಂಡಿ. ಹಿತ್ತಾಳೆ ಕೊಳವೆಯನ್ನು ನೆಟ್ಟಗೆ ಮಾಡಿದರೆ ಸುಮಾರು ಒಂದೂವರೆ ಮೀಟರ್ ಉದ್ದ. ಗುಂಡಿ ಒತ್ತಿದಾಗ ಗಾಳಿ ಇನ್ನೊಂದು ಸಣ್ಣ ಕೊಳವೆಯನ್ನು ಸುತ್ತಿ ಬರುತ್ತದೆ, ಉದ್ದ ಹೆಚ್ಚಾಗಿ ಸ್ವರ ಇಳಿಯುತ್ತದೆ. ಆದರೆ ಯಾವ ಗುಂಡಿಯನ್ನೂ ಒತ್ತದೆ ಸಾನೂ ಊದಬಹುದು, ಮೇಲಿನ ಪಾನೂ ಊದಬಹುದು, ಅದರಾಚೆಯ ಸಾನೂ ಊದಬಹುದು. ಬೆರಳು ಅದೇ, ಬದಲಾಗೋದು ತುಟಿಯ ಬಿಗಿ ಮತ್ತು ಉಸಿರಿನ ವೇಗ. ಅದಕ್ಕೇ ಟ್ರಂಪೆಟ್‌ನಲ್ಲಿ ಸುಳ್ಳು ನಡೆಯೋದಿಲ್ಲ. ಗುಂಡಿ ಸರಿ ಒತ್ತಿದ್ದರೂ ತುಟಿ ತಪ್ಪಿದರೆ ಸ್ವರ ಒಡೆದು ಎಲ್ಲರಿಗೂ ಕೇಳುತ್ತದೆ.

ಆಮೇಲೆ ಉದ್ದ ಸ್ವರ. ಒಂದೇ ಸ್ವರ ಹಿಡಿದು ಇಪ್ಪತ್ತು ಹೆಜ್ಜೆ ನಡೆಯಬೇಕು. ಸಣ್ಣಗೆ ಶುರುಮಾಡಿ, ನಡುವೆ ದೊಡ್ಡದಾಗಿ, ಮತ್ತೆ ಸಣ್ಣಗೆ ಮುಗಿಸಬೇಕು. ತೊಗರಿ ಕಟಾವಾಗಿ ಖಾಲಿ ಬಿದ್ದಿದ್ದ ನಮ್ಮ ಹೊಲದಲ್ಲಿ, ಮುಂಜಾನೆ ಐದೂವರೆಗೆ, ಕೂಳೆ ಕಾಲಿಗೆ ಚುಚ್ಚುತ್ತಿದ್ದರೂ ನಡೆಯೋದೇ. ಕುಂತು ಊದಿದರೆ ಆಗಲ್ವಾ ಅಂದೆ. "ನಡಕೋತ ಉಸುರು ಹಿಡಿಯೋದು ಬಂತಂದ್ರ, ನಿಂತಾಗ ಅದು ಆಟ" ಅಂದ. ಮೆರವಣಿಗೆಯವನು ಬೇರೆ ಹೇಗೆ ಕಲಿಸಿಯಾನು?

ಹಾಸ್ಟೆಲ್‌ನಲ್ಲಿ ಅಭ್ಯಾಸ ಅಂದರೆ ಜಗಳ. ಗಂಟೆಯೊಳಗೆ ಟವೆಲ್ ತುರುಕಿ ಟೆರೇಸ್ ಮೇಲೆ ಊದಿದೆ, ಆದರೂ ಬೈಸಿಕೊಂಡೆ. ಕೊನೆಗೆ ಬೆಳಗಿನ ಜಾವ ಮೈದಾನದ ಮೂಲೆಗೆ ಹೋಗೋದು ಖಾಯಂ ಆಯ್ತು. ಸ್ವರ ಗೊತ್ತಾಗದಿದ್ದರೆ ಕಾಕಾಗೆ ಫೋನ್. ಸ್ಪೀಕರ್ ಹಾಕಿ ಊದುತ್ತಿದ್ದೆ, ಅವನು ಆ ಕಡೆಯಿಂದ "ಕೊರಳು ಹಿಡೀಬ್ಯಾಡ, ಹೊಟ್ಟಿ ಬಿಡು" ಅಂತಿದ್ದ. ಫೋನಿನಲ್ಲೇ ನನ್ನ ಕೊರಳು ಬಿಗಿದದ್ದು ಅವನಿಗೆ ಹೇಗೆ ಕೇಳುತ್ತಿತ್ತೋ!

ನಾನು ಆರಿಸಿಕೊಂಡದ್ದು ಬೀಥೋವನ್‌ನ ಒಂಬತ್ತನೇ ಸಿಂಫನಿಯ ಕೊನೆಯ ಭಾಗದ ಆ ಪ್ರಸಿದ್ಧ ಧಾಟಿ. ಬಹುಪಾಲು ಐದು ಸ್ವರದೊಳಗೇ ಮುಗಿಯುತ್ತದೆ ಅನ್ನೋ ಕಾರಣಕ್ಕೆ. ಕೀಬೋರ್ಡ್ ಬಾರಿಸುವ ಸೀನಿಯರ್ ಒಬ್ಬ ಜೊತೆಗೆ ನುಡಿಸೋಕೆ ಒಪ್ಪಿದ. ಮೊದಲ ಸಲ ಇಬ್ಬರೂ ಕೂಡಿ ಶುರುಮಾಡಿದಾಗ ಕಿವಿ ಮುಚ್ಚಿಕೊಳ್ಳುವ ಹಾಗಾಯ್ತು. ಅವನು ನುಡಿಸಿದ್ದು ಸಿ ಸ್ಕೇಲ್, ನಾನು ಊದಿದ್ದೂ ಸಿ, ಆದರೆ ಎರಡೂ ಕೂಡುತ್ತಲೇ ಇಲ್ಲ. "ನಿನ್ ಬಾಜಾ ಕೆಟ್ಟಿದೆ ಕಣೋ" ಅಂದ.

ಕಾಕಾಗೆ ಫೋನ್ ಮಾಡಿದೆ. ಅವನು ನಕ್ಕ. "ಅದು ಕರಿ ಐದರ ಬಾಜಾ ಅದ. ಪೆಟ್ಟಿಗಿಯಂವ ಬಿಳಿ ಒಂದರಾಗ ಹಿಡಿದ್ರ ಹ್ಯಾಂಗ ಕೂಡ್ತದ?"

ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ಕರಿ ಐದು ಅಂದರೆ ಅದರ ಐದನೇ ಕರಿ ಮನೆ, ಇಂಗ್ಲಿಷಿನಲ್ಲಿ ಬಿ ಫ್ಲ್ಯಾಟ್. ಸಾಮಾನ್ಯ ಟ್ರಂಪೆಟ್ ಇರೋದೇ ಬಿ ಫ್ಲ್ಯಾಟ್‌ನಲ್ಲಿ. ಕಾಗದದ ಮೇಲೆ ಸಿ ಅಂತ ಬರೆದದ್ದನ್ನು ಊದಿದರೆ ಹೊರಗೆ ಬರೋದು ಅದಕ್ಕಿಂತ ಎರಡು ಮನೆ ಕೆಳಗಿನ ಸ್ವರ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯಾರ ಕೋಡೂ ತಪ್ಪಿಲ್ಲ, ಆಫ್‌ಸೆಟ್ ಎರಡು. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಮೈನಸ್ ಎರಡು ಮಾಡಿದೆವು. ಹತ್ತು ಸೆಕೆಂಡಿನಲ್ಲಿ ಎಲ್ಲ ಕೂಡಿತು.

"ಭಾರಿ ಇದೀಯಲ್ಲೋ, ಯಾರು ಹೇಳಿದ್ರು?" ಅಂತ ಸೀನಿಯರ್ ಕೇಳಿದ.

"ನೆಟ್‌ನಲ್ಲಿ ನೋಡಿದೆ" ಅಂದೆ.

ಅದು ಮೊದಲನೇ ಸುಳ್ಳು. ಎಷ್ಟು ಸಲೀಸಾಗಿ ಬಂತು ಅಂದರೆ, ಅದು ಸುಳ್ಳು ಅಂತಲೂ ಆಗ ಅನ್ನಿಸಲಿಲ್ಲ.

ಆಡಿಷನ್‌ಗೆ ಎರಡು ವಾರ ಇದ್ದಾಗ ಒಂದು ಶನಿವಾರ ರಾತ್ರಿ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಕೈಯಲ್ಲಿ ಟ್ರಂಪೆಟ್ ಪೆಟ್ಟಿಗೆ. ರಸ್ತೆಯಲ್ಲಿ ಒಂದು ಲಗ್ನದ ಮೆರವಣಿಗೆ ಬರುತ್ತಿತ್ತು. ಜನರೇಟರ್ ಗಾಡಿ, ತಲೆಯ ಮೇಲೆ ಲೈಟು ಹೊತ್ತವರು, ಕುದುರೆ ಮೇಲೆ ಮದುಮಗ, ಕೆಂಪು ಕೋಟಿನ ಬ್ಯಾಂಡ್. ಅದು ಕಾಕಾನ ಪಾರ್ಟಿಯೇ. ಮುಂದೆ ನಿಂತು ಟ್ರಂಪೆಟ್ ಊದುತ್ತಿದ್ದವನು ಯಾರೋ ಬೇರೆ ಹುಡುಗ. ಕಾಕಾನನ್ನು ಹುಡುಕಿದೆ. ಎಲ್ಲರ ಹಿಂದೆ, ಲೈಟಿನ ಬೆಳಕು ಸರಿಯಾಗಿ ಬೀಳದ ಕಡೆ, ಝಾಂಜ್ ಬಡಿಯುತ್ತಾ ಬರುತ್ತಿದ್ದ.

ಇಪ್ಪತ್ತು ವರ್ಷ ಮುಂದಿನ ಸಾಲಿನಲ್ಲಿ ನಡೆದವನು ಅವನು. ನನ್ನನ್ನು ನೋಡಿ ಹುಬ್ಬು ಹಾರಿಸಿ ನಕ್ಕ, ತಾಳ ತಪ್ಪಿಸಲಿಲ್ಲ.

ಸೀಜನ್ ಶುರುವಾಗಿ ಹದಿನೈದು ದಿನವಾಗಿತ್ತು ಅಂತ ಅವ್ವ ಹೇಳಿದಳು. ಟ್ರಂಪೆಟ್ ಊದುವವನಿಗೆ ಒಂದು ಲಗ್ನಕ್ಕೆ ಸಿಗುತ್ತಿದ್ದ ಹಣದಲ್ಲಿ ಅರ್ಧವೂ ಝಾಂಜಿನವನಿಗೆ ಸಿಗುತ್ತಿರಲಿಲ್ಲ. ಆ ವರ್ಷ ಲೋಕಸಭೆ ಚುನಾವಣೆಯೂ ಇತ್ತು, ಬ್ಯಾಂಡ್‌ನವರು ಕೆಲಸದ ದಾರಿ ನೋಡುತ್ತಿದ್ದ ಕಾಲ. ನನಗೆ ಪೆಟ್ಟಿಗೆ ಕೊಟ್ಟ ದಿನ ಅವನಿಗೆ ಇದೆಲ್ಲ ಗೊತ್ತೇ ಇತ್ತು.

ಮರುದಿನ ಮುಂಜಾನೆ ಹೊಲದಲ್ಲಿ ಪೆಟ್ಟಿಗೆಯನ್ನು ಅವನ ಮುಂದಿಟ್ಟೆ.

"ಯಾಕ ಹೇಳಲಿಲ್ಲ ಕಾಕಾ?"

"ಹೇಳಿದ್ರ ನೀ ಊದತಿದ್ದೇನು?" ಅಂದ. ಆಮೇಲೆ, "ಝಾಂಜ್ ಹಗೂರ ಅದ, ತುಟಿಗೂ ಆರಾಮ. ನೀ ಸುರು ಮಾಡು, ಬಿಸಲು ಏರ್ಲತ್ತದ."

ಅವತ್ತು ಅವನು ಕಲಿಸಿದ್ದು ಎರಡೇ ವಿಷಯ. ಒಂದು, ಹಿತ್ತಾಳೆಯ ಕಾವಿನ ಲೆಕ್ಕ. ವಾದ್ಯದೊಳಗಿನ ಗಾಳಿ ಬಿಸಿಯಾದರೆ ಸ್ವರ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಬಿಸಿಲಲ್ಲಿ ಕೂಡಿಸಿದ ಸ್ವರ ಎಸಿ ಹಾಲ್‌ನಲ್ಲಿ ನಿಲ್ಲೋದಿಲ್ಲ. ಹಾಗಾಗಿ ಒಳಗೆ ಹೋಗುವ ಮುನ್ನ ಸಪ್ಪಳ ಮಾಡದೆ ಬಾಯಿಯ ಬೆಚ್ಚನೆ ಗಾಳಿ ತುಂಬಿ, ಆಮೇಲೆ ಸ್ಲೈಡ್ ಎಳೆದು ಕೂಡಿಸಿಕೊಳ್ಳಬೇಕು. ಎರಡನೆಯದು ಸ್ವರ ಒಡೆದಾಗ ಏನು ಮಾಡಬೇಕು ಅನ್ನೋದು.

"ಮೆರವಣಿಗಿ ಯಾರ್ ಸಲುವಾಗಿನೂ ನಿಲ್ಲಂಗಿಲ್ಲ. ಒಡೀತಾ? ಒಡೀಲಿ. ಮುಂದಿನ ಸ್ವರ ಹಿಡಿ. ತಿರುಗಿ ಹಿಂದ ಹೋಗಿ ರಿಪೇರಿ ಮಾಡಬ್ಯಾಡ."

ಮಾರ್ಚ್ ಕೊನೆಯಲ್ಲಿ ಆಡಿಷನ್. ಕಾಕಾನೂ ಕಲಬುರಗಿಗೆ ಬಂದಿದ್ದ. ಸಂಜೆ ಆಳಂದದಲ್ಲಿ ಒಂದು ಲಗ್ನ ಇತ್ತು, ನನ್ನದು ಮುಗಿದ ಕೂಡಲೇ ಟ್ರಂಪೆಟ್ ತೆಗೆದುಕೊಂಡು ಹೋಗಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ಸೆಮಿನಾರ್ ಹಾಲ್‌ನ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಂತ. ಗೆಳೆಯರು ಯಾರು ಅಂತ ಕೇಳಿದರು. "ನಮ್ಮ ಕಾಕಾ" ಅಂದೆ, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಒಳಗೆ ಒಂದು ಫಾರ್ಮ್ ಕೊಟ್ಟರು. ಹೆಸರು, ಬ್ರ್ಯಾಂಚ್, ವಾದ್ಯ, ಗುರುಗಳ ಹೆಸರು. ನನ್ನ ಪಕ್ಕ ಕುಂತಿದ್ದ ಹುಡುಗ ತನ್ನ ಬೆಂಗಳೂರಿನ ಮೇಷ್ಟ್ರ ಹೆಸರು ಬರೆದು, ಮುಂದೆ 'ಟ್ರಿನಿಟಿ ಗ್ರೇಡ್ 5' ಅಂತ ಸೇರಿಸಿದ. ಲಂಡನ್ನಿನ ಆ ಸಂಸ್ಥೆಯ ಪರೀಕ್ಷೆಗಳಲ್ಲಿ ಎಂಟು ಗ್ರೇಡ್ ಇರುತ್ತವೆ ಅನ್ನೋದು ನನಗೆ ಗೊತ್ತಾದದ್ದೇ ಅವತ್ತು. ನಾನೇನು ಬರೆಯಲಿ? ಲಗ್ನದ ಬ್ಯಾಂಡ್, ಆಳಂದ? ಪೆನ್ನು ಒಂದು ನಿಮಿಷ ಹಾಗೇ ನಿಂತಿತ್ತು. 'ಸ್ವಂತ ಅಭ್ಯಾಸ' ಅಂತ ಬರೆದೆ. ಝಾಂಜ್ ಬಡಿಯೋದನ್ನು ಕಣ್ಣಾರೆ ನೋಡಿದ ಮೇಲೂ ಹಾಗೆ ಬರೆದೆ ಅನ್ನೋದೇ ನನಗೆ ಈಗಲೂ ಚುಚ್ಚೋದು.

ಊದಿದ್ದು ಕೆಟ್ಟದಾಗೇನೂ ಆಗಲಿಲ್ಲ. ಸ್ಕೇಲ್ ಸರಿಯಾಗಿ ಬಂತು. ಬೀಥೋವನ್‌ನ ನಡುವೆ ಒಂದು ಕಡೆ ಸ್ವರ ಒಡೆಯಿತು, ನಿಲ್ಲದೆ ಮುಂದಿನದು ಹಿಡಿದೆ. ಆಮೇಲೆ ಒಂದು ನೊಟೇಷನ್ ಹಾಳೆ ಮುಂದಿಟ್ಟು ಓದಿ ಊದು ಅಂದರು. ಅಲ್ಲಿಗೆ ಮುಗೀತು. ಕಾಕಾಗೂ ನೊಟೇಷನ್ ಬರುತ್ತಿರಲಿಲ್ಲ, ನನಗೂ ಇಲ್ಲ. ನಾವಿಬ್ಬರೂ ಕಲಿತದ್ದು ಕಿವಿಯಿಂದ.

ತೀರ್ಪುಗಾರರಲ್ಲಿ ಒಬ್ಬರು, ಹಿರಿಯರು, ನನ್ನ ಫಾರ್ಮ್ ನೋಡಿ ತಲೆ ಎತ್ತಿದರು. "ಓದೋಕೆ ಬರಲ್ಲ, ಆದ್ರೆ ನಿನ್ನ ಲಾಂಗ್ ನೋಟ್ ತುಂಬಾ ಚೆನ್ನಾಗಿದೆ. ಉಸಿರು ಹೀಗೆ ಹಿಡಿಯೋದು ಯಾರೂ ಹೇಳಿಕೊಡದೆ ಬರಲ್ಲ. ಯಾರ ಹತ್ರ ಕಲಿತೆ?"

ಇನ್ನೊಂದು ಅವಕಾಶ ಅದು. ಕೈಗೆ ತಂದು ಕೊಟ್ಟಿದ್ದರು.

"ಯೂಟ್ಯೂಬ್ ಸರ್" ಅಂದೆ.

ಹೊರಗೆ ಬಂದಾಗ ಬಾಗಿಲು ಅರ್ಧ ತೆರೆದಿತ್ತು. ಕಾಕಾ ಎದ್ದು ನಿಂತು ನೀರು ಕೊಟ್ಟ, ಟ್ರಂಪೆಟ್ ಇಸಿದುಕೊಂಡು ನೀರಿನ ಕೀಲಿ ಒತ್ತಿ ಒಳಗಿನ ತೇವ ಊದಿ ತೆಗೆದು, ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿದ. ಆಟೊದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವಾಗ ಅರ್ಧ ದಾರಿ ಸುಮ್ಮನಿದ್ದ. ಆಮೇಲೆ ಕೇಳಿದ:

"ಯೂಟ್ಯೂಬ್ ಅಂದ್ರ ಯಾವ ಮಾಸ್ತರೋ ತಮ್ಮಾ? ಛಲೋ ಕಲಿಸ್ಯಾನಂತಲ್ಲ."

ನನಗೆ ಉತ್ತರ ಹೊರಡಲಿಲ್ಲ. ಅವನಿಗೆ ನಿಜವಾಗಲೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳಿದನೋ, ತಿಳಿಯಲಿಲ್ಲ. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಬಸ್ ಹತ್ತಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈ ಬೀಸಿದ. ಎರಡು ದಿನದ ಮೇಲೆ ಪಟ್ಟಿ ಹಚ್ಚಿದರು, ನನ್ನ ಹೆಸರಿರಲಿಲ್ಲ. ಮುಂದಿನ ವರ್ಷ ನೊಟೇಷನ್ ಕಲಿತು ಬಾ ಅಂದರು. ನಾನು ಹೋಗಲಿಲ್ಲ.

2019ರ ಅಕ್ಟೋಬರ್‌ನಲ್ಲಿ ಕದ್ರಿ ಗೋಪಾಲನಾಥ್ ತೀರಿಕೊಂಡಾಗ ಅವರ ಬಗ್ಗೆ ಓದುತ್ತಾ ಕುಂತಿದ್ದೆ. ನಾದಸ್ವರ ನುಡಿಸುವ ಅಪ್ಪನ ಮಗ ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಅದನ್ನೇ ಕರ್ನಾಟಕ ಸಂಗೀತದ ಕಛೇರಿಗೆ ತಂದವರು. ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದಾದರೂ ಬಾಯಲ್ಲಿ ರೀಡ್ ಇರೋದರಿಂದ ಅದು ಟ್ರಂಪೆಟ್‌ನ ಜಾತಿಗೆ ಸೇರೋದಿಲ್ಲ, ಅದು ಬೇರೆ ಮಾತು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಅವರ ಪರಿಚಯ ಓದಿದಲ್ಲೆಲ್ಲ ಅವರ ಗುರುಗಳ ಹೆಸರೂ ಸಿಗುತ್ತಿತ್ತು: ಎನ್. ಗೋಪಾಲಕೃಷ್ಣ ಅಯ್ಯರ್, ಟಿ.ವಿ. ಗೋಪಾಲಕೃಷ್ಣನ್. ಅಷ್ಟು ದೊಡ್ಡ ಹೆಸರಿನ ಜೊತೆಗೇ ಕಲಿಸಿದವರ ಹೆಸರೂ ನಡೆದುಕೊಂಡು ಬಂದಿತ್ತು.

ಅರಮನೆಯಲ್ಲಿ ಊದಿದರೆ ಅದು ಬ್ಯಾಂಡ್, ದಸರೆಯಲ್ಲಿ ಪೊಲೀಸರು ಊದಿದರೆ ಚಪ್ಪಾಳೆ. ಅದೇ ಹಿತ್ತಾಳೆಯನ್ನು ನಮ್ಮ ಓಣಿಯಲ್ಲಿ ಊದಿದರೆ ಬಾಜಾ. ವಾದ್ಯ ಎರಡೂ ಕಡೆ ಒಂದೇ, ತುಟಿ ಒಡೆಯೋದೂ ಒಂದೇ ಥರ. ಆ ವ್ಯತ್ಯಾಸವನ್ನು ಬೇರೆ ಯಾರೋ ಮಾಡಿದರು ಅಂತ ದೂರೋಕೆ ನನಗೆ ಹಕ್ಕಿಲ್ಲ. ಫಾರ್ಮ್ ತುಂಬಿದ್ದು ನಾನೇ.

ಈಗ ನಮ್ಮ ಕಡೆ ಲಗ್ನಕ್ಕೆ ಡಿಜೆ ಬಂದಿದೆ. ಕಾಕಾನ ಪಾರ್ಟಿ ಮುಚ್ಚಿ ಏಳೆಂಟು ವರ್ಷ ಆಯ್ತು. ಅವನು ಒಂದು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತಾನೆ. ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆ, ರಾತ್ರಿ ಊಟ ಆದ ಮೇಲೆ ನೋಡೋದು ಯೂಟ್ಯೂಬನ್ನೇ. ಅಂದರೆ ಆ ಮಾಸ್ತರ ಯಾರು ಅನ್ನೋದು ಅವನಿಗೆ ಯಾವತ್ತೋ ಗೊತ್ತಾಗಿರಬೇಕು. ಇಷ್ಟು ವರ್ಷ ಹಬ್ಬಕ್ಕೆ, ಜಾತ್ರೆಗೆ ಊರಿಗೆ ಹೋಗಿದ್ದೇನೆ, ಜೊತೆಗೆ ಕುಂತು ಊಟ ಮಾಡಿದ್ದೇನೆ. ಒಂದು ದಿನವೂ ಅವನು ಆ ಮಾತು ಎತ್ತಲಿಲ್ಲ.

ಹೋದ ತಿಂಗಳ ಆ ಗೂಗಲ್ ಫಾರ್ಮ್‌ನಲ್ಲಿ ಕಾಕಾನ ಪೂರ್ತಿ ಹೆಸರು ಬರೆದು, ಮುಂದೆ 'ಬ್ಯಾಂಡ್ ಪಾರ್ಟಿ, ಆಳಂದ' ಅಂತ ಸೇರಿಸಿದೆ. ಸಬ್‌ಮಿಟ್ ಒತ್ತಿದ ಮೇಲೆ ಅವನಿಗೆ ಫೋನ್ ಮಾಡಿದೆ. ಅವತ್ತಿನ ಮಾತು ತೆಗೆದೆ. ತಪ್ಪಾಯ್ತು ಅಂತ ಹೇಳೋಕೆ ಹೋದರೆ ಬರೀ ತೊದಲು. ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ.

"ಆ ನಿನ್ನ ಮಾಸ್ತರನ್ನ ನಾನೂ ನೋಡೀನಿ" ಅಂದ. "ತುಟಿ ಛಲೋ ಹೇಳ್ತಾನ. ಆದ್ರ ಉಸುರಿಂದು ಅಂವಗ ಅಷ್ಟು ಗೊತ್ತಿಲ್ಲ."

ನನಗೆ ನಗುವೂ ಬಂತು, ಗಂಟಲೂ ಕಟ್ಟಿತು.

ಮರುವಾರ ಊರಿಗೆ ಹೋಗಿ ಪೆಟ್ಟಿಗೆ ತಂದೆ. ಮಧ್ಯದ ಗುಂಡಿ ಕಚ್ಚಿಕೊಂಡು ಕುಂತಿತ್ತು. ಜೋರು ಮಾಡಬ್ಯಾಡ ಅಂತ ಕಾಕಾ ಮೊದಲೇ ಹೇಳಿದ್ದ. ಬೆಚ್ಚನೆ ಸೋಪಿನ ನೀರಿನಲ್ಲಿ ಒಂದು ತಾಸು ಬಿಟ್ಟು, ಒರೆಸಿ, ಎಣ್ಣೆ ಹಾಕಿದ ಮೇಲೆ ಮೆಲ್ಲಗೆ ಬಿಟ್ಟುಕೊಟ್ಟಿತು. ಅಪಾರ್ಟ್‌ಮೆಂಟಿನಲ್ಲಿ ಊದೋ ಹಾಗಿಲ್ಲ, ಹಾಗಾಗಿ ಬೆಳಿಗ್ಗೆ ಹತ್ತಿರದ ಕೆರೆ ದಂಡೆಗೆ ಹೋಗುತ್ತೇನೆ. ವಾಕಿಂಗ್ ಬರುವವರು ತಿರುಗಿ ನೋಡುತ್ತಾರೆ. ಹತ್ತು ನಿಮಿಷಕ್ಕೆ ತುಟಿ ಜೋಮು ಹಿಡಿಯುತ್ತದೆ, ಏಳನೇ ಕ್ಲಾಸಿನ ಹುಡುಗನ ಹಾಗೆ ಸ್ವರ ಒಡೆಯುತ್ತದೆ. ಫೋನನ್ನು ಕಲ್ಲುಬೆಂಚಿನ ಮೇಲಿಟ್ಟು ಸ್ಪೀಕರ್ ಹಾಕಿರುತ್ತೇನೆ.

ಆಡಿಷನ್‌ಗೆ ಇನ್ನೂ ಹತ್ತು ದಿನ ಇದೆ. ನಿನ್ನೆ ಹದಿಮೂರು ಹೆಜ್ಜೆಯವರೆಗೆ ಉಸಿರು ಬಂತು.

"ಇಪ್ಪತ್ತಾಗಬೇಕು" ಅಂದ ಕಾಕಾ. "ನಡಿ, ಮತ್ತ ಸುರು ಮಾಡು."